ಪರವಾನಗಿ ಇದೆ, ಒಪ್ಪಿಗೆ ಇಲ್ಲ: ಗಣಿಯ ಮೇಲೆ ಸುತ್ತಲಿನ ಜನರಿಗೆ ನಂಬಿಕೆ ಬರುವುದು ಯಾವುದರಿಂದ?

ಅದಿರುಗಲ್ಲು (ಪ್ರಶ್ನೆ)

ಗಣಿ ಕಂಪನಿಗಳ ವಾರ್ಷಿಕ ವರದಿ ತೆರೆದರೆ ‘ಸಾಮಾಜಿಕ ಪರವಾನಗಿ’ (ಅಂದರೆ ಸುತ್ತಲಿನ ಜನರ ಒಪ್ಪಿಗೆ) ಎಂಬ ಮಾತು ಹತ್ತು ಕಡೆ ಕಾಣುತ್ತದೆ. ಪಕ್ಕದಲ್ಲಿ ಸುಣ್ಣಬಣ್ಣ ಕಂಡ ಶಾಲೆಯ ಚಿತ್ರ, ಕಣ್ಣಿನ ತಪಾಸಣೆ ಶಿಬಿರದ ಚಿತ್ರ. ಅದೇ ಗಣಿಯ ಗೇಟಿನ ಮುಂದೆ ಜನ ಲಾರಿ ತಡೆದು ಕೂತಿರುತ್ತಾರೆ. ಇಲಾಖೆಗಳ ಅನುಮತಿ ಇದೆ, ಪರಿಸರ ವರದಿ ಇದೆ, ಅಹವಾಲು ಸಭೆಯೂ ಮುಗಿದಿದೆ. ಆದರೂ ಯಾರೂ ಯಾರ ಮಾತನ್ನೂ ನಂಬುವುದಿಲ್ಲ.

ಜಗಳದ ಬಗೆಯೂ ಎಲ್ಲ ಕಡೆ ಒಂದೇ. ಸಿಡಿತದಿಂದ ಗೋಡೆ ಬಿರುಕು ಬಿಟ್ಟಿತು ಎಂದು ಮನೆಯವರು, ಕಂಪನ ಮಿತಿಯೊಳಗೇ ಇತ್ತು ಎಂದು ಗಣಿಯವರು. ಬಾವಿ ನೀರು ಕೆಟ್ಟಿದೆ ಎಂದು ಇವರು, ಲ್ಯಾಬ್ ವರದಿ ಸರಿಯಾಗಿದೆ ಎಂದು ಅವರು. ಇಬ್ಬರೂ ಸುಳ್ಳು ಹೇಳದೆ ಇರುವಾಗಲೂ ಇದು ಬಗೆಹರಿಯುವುದಿಲ್ಲ ಏಕೆ? ಜನರ ನಂಬಿಕೆ ಉಳಿಸಿಕೊಂಡ ಕಡೆ ನಿಜವಾಗಿ ಏನು ಮಾಡಿದ್ದಾರೆ? ಯಾವ ಅಳತೆ, ಯಾವ ಕರಾರು, ಯಾವ ಕ್ರಮ? ‘ಸಂವಾದ ಹೆಚ್ಚಿಸಿ’ ಎಂಬ ಮಟ್ಟದ ಉತ್ತರ ಬೇಡ. ಕೈಗೆತ್ತಿಕೊಂಡು ಮಾಡಬಹುದಾದದ್ದನ್ನು ಹೇಳಿ.

ಹಳೆಪದರ

‘ಸಾಮಾಜಿಕ ಪರವಾನಗಿ’ ಎಂಬ ಮಾತು ಹುಟ್ಟಿದ ಹೊತ್ತು ಮೊದಲು ನೆನಪಿರಲಿ. 1996ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನ ಮರಿಂದುಕೆ ದ್ವೀಪದ ತಾಮ್ರದ ಗಣಿಯಲ್ಲಿ, ಹಳೆಯ ಗುಂಡಿಯಲ್ಲಿ ತುಂಬಿಟ್ಟಿದ್ದ ತ್ಯಾಜ್ಯ ಕೆಸರು ಸುರಂಗದ ಅಡ್ಡಗೋಡೆ ಒಡೆದುಕೊಂಡು ಬೋವಾಕ್ ನದಿಗೆ ನುಗ್ಗಿತು. ಆ ಗಣಿಯಲ್ಲಿ ಪಾಲು ಹೊಂದಿದ್ದದ್ದು ಕೆನಡಾದ ಪ್ಲೇಸರ್ ಡೋಮ್ ಕಂಪನಿ. ಮರುವರ್ಷ ವಿಶ್ವಬ್ಯಾಂಕ್‌ನ ಸಭೆಯಲ್ಲಿ ಆ ಮಾತನ್ನು ಬಳಸಿದವರು ಅದೇ ಕಂಪನಿಯ ಅಧಿಕಾರಿ ಜಿಮ್ ಕೂನಿ. ಸರ್ಕಾರದ ಕಾಗದವೊಂದೇ ಇದ್ದರೆ ಗಣಿ ನಡೆಯದು ಎಂಬ ಅರಿವು ಅದರ ಹಿಂದಿತ್ತು. ಈಗ ಆ ಪದವನ್ನು ಚಿತ್ರದ ಅಡಿಬರಹಕ್ಕೆ ಇಳಿಸಿಬಿಟ್ಟಿದ್ದಾರೆ.

ಕಾನೂನಿಗೂ ಒಪ್ಪಿಗೆಗೂ ಎಷ್ಟು ಅಂತರ ಎನ್ನುವುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಜುಕಾನ್ ಕಣಿವೆ ಸಾಕು. ಅಲ್ಲಿನ ಕಲ್ಲಾಸರೆಗಳಲ್ಲಿ 46,000 ವರ್ಷಗಳಿಂದ ಮನುಷ್ಯರಿದ್ದ ಕುರುಹು ಇತ್ತು. ಅವನ್ನು ಸಿಡಿಸಲು ರಿಯೊ ಟಿಂಟೊ ಗಣಿ ಕಂಪನಿಗೆ 2013ರಲ್ಲೇ ಅನುಮತಿ ಸಿಕ್ಕಿತ್ತು. 2014ರ ಉತ್ಖನನದಲ್ಲಿ ಸುಮಾರು 4,000 ವರ್ಷ ಹಳೆಯ, ಹೆಣೆದ ಕೂದಲಿನ ತುಂಡು ದೊರೆಯಿತು. ಅದರ ಡಿಎನ್‌ಎ ಆ ನೆಲದ ಇಂದಿನ ಮೂಲನಿವಾಸಿಗಳ ಜೊತೆ ಕೂಡಿಬಂತು. ಆದರೆ ಆ ಅನುಮತಿ ಕೊಟ್ಟ 1972ರ ಪರಂಪರೆ ಕಾಯಿದೆಯಲ್ಲಿ, ಹೊಸ ಮಾಹಿತಿ ಸಿಕ್ಕಿದರೆ ಕೊಟ್ಟ ಅನುಮತಿಯನ್ನು ಮತ್ತೆ ಪರಿಶೀಲಿಸುವ ದಾರಿಯೇ ಇರಲಿಲ್ಲ. 2020ರ ಮೇ 24ರಂದು ಸಿಡಿಸಿದರು. ಎಲ್ಲವೂ ಕಾನೂನುಬದ್ಧ. ಕೆಲವೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು.

ಹಾಗಾಗಿ ಯಾವ ಒಪ್ಪಂದದಲ್ಲೂ ನಾನು ಮೊದಲು ಹುಡುಕುವುದು ಒಂದು ವಾಕ್ಯ: ‘ಹೊಸ ಸಂಗತಿ ತಿಳಿದುಬಂದರೆ ಈ ಒಪ್ಪಿಗೆಯನ್ನು ಮತ್ತೆ ಚರ್ಚೆಗೆ ತೆಗೆಯಬೇಕು, ಅಲ್ಲಿಯವರೆಗೆ ಆ ಜಾಗದಲ್ಲಿ ಕೆಲಸ ನಿಲ್ಲಬೇಕು’. ಈ ವಾಕ್ಯ ಇಲ್ಲದ ಒಪ್ಪಂದ ಸಹಿಯಾದ ದಿನಕ್ಕಷ್ಟೇ ಸರಿ.

ಇನ್ನೊಂದು ವಿಷಯ. ಸಾಮಾಜಿಕ ಪರವಾನಗಿಯ ಅಧ್ಯಯನ ಮಾಡಿದ ಇಯಾನ್ ಥಾಮ್ಸನ್ ಮತ್ತು ರಾಬರ್ಟ್ ಬುಟಿಲಿಯೆ ಜನರ ಒಪ್ಪಿಗೆಯನ್ನು ಮೆಟ್ಟಿಲುಗಳಾಗಿ ನೋಡಿದರು: ಬೇಡ ಎನ್ನುವುದು, ಸಹಿಸಿಕೊಳ್ಳುವುದು, ಮೆಚ್ಚಿ ಒಪ್ಪುವುದು, ನಮ್ಮದೇ ಎನ್ನುವುದು. ಬಹುತೇಕ ಗಣಿಗಳು ನಿಂತಿರುವುದು ‘ಸಹಿಸಿಕೊಳ್ಳುವ’ ಮೆಟ್ಟಿಲಿನ ಮೇಲೆ. ಗಲಾಟೆ ಇಲ್ಲ ಎಂದರೆ ನಂಬಿಕೆ ಇದೆ ಎಂದು ಲೆಕ್ಕ ಹಾಕಿದವರಿಗೆ ಮೊದಲ ಅವಘಡದ ದಿನವೇ ಸತ್ಯ ತಿಳಿಯುತ್ತದೆ.

ಭೂಜಲ

ನೀರಿನ ಜಗಳಕ್ಕೆ ಬರುತ್ತೇನೆ. ಅದು ಬಗೆಹರಿಯದೆ ಇರುವುದಕ್ಕೆ ಎಷ್ಟೋ ಸಲ ಕಾರಣ 0.45 ಮೈಕ್ರಾನ್‌ನ ಒಂದು ಸೋಸುಹಾಳೆ.

ಗಣಿಯ ತಂತ್ರಜ್ಞರು ನೀರನ್ನು ಆ ಹಾಳೆಯಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಹಾಕಿ ಕಳಿಸುತ್ತಾರೆ. ಲ್ಯಾಬ್ ಹೇಳುವುದು ಕರಗಿರುವ ಲೋಹದ ಪ್ರಮಾಣ. ಊರಿನವರು ಅದೇ ಹಳ್ಳದ ನೀರನ್ನು ಸೋಸದೆ ಕಳಿಸುತ್ತಾರೆ. ಅವರಿಗೆ ಬರುವುದು ಒಟ್ಟು ಲೋಹದ ಪ್ರಮಾಣ. ಮಳೆ ಬಂದ ಮರುದಿನವಾದರೆ ನೀರಿನಲ್ಲಿ ತೇಲುವ ಮಣ್ಣಿನ ಕಣಗಳಿಗೆ ಅಂಟಿದ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಎಲ್ಲ ಸೇರಿ ಅಂಕಿ ಹತ್ತಾರು ಪಟ್ಟು ಏರಬಹುದು. ಎರಡು ವರದಿಯೂ ಸರಿ. ಅಕ್ಕಪಕ್ಕ ಇಟ್ಟರೆ ಎರಡೂ ಸುಳ್ಳಿನಂತೆ ಕಾಣುತ್ತವೆ. ಪ್ರತಿ ಜಾಗದಲ್ಲೂ ಎರಡು ಬಾಟಲಿ, ಸೋಸಿದ್ದೊಂದು ಸೋಸದ್ದೊಂದು, ಎರಡರ ಮೇಲೂ ಚೀಟಿ: ಇಷ್ಟು ಮಾಡಿದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಕೊಳವೆಬಾವಿಯಲ್ಲಿ ಇನ್ನೊಂದು ತಪ್ಪು. ಕೊಳವೆಯೊಳಗೆ ನಿಂತ ನೀರು ಕಲ್ಲಿನ ಪದರದ ನೀರಲ್ಲ. ನಿಂತ ನೀರಿನ ಮೂರು ಪಟ್ಟು ಹೊರಹಾಕಿ, ಪಿಎಚ್ ಮತ್ತು ವಿದ್ಯುತ್ ವಾಹಕತೆ ಸ್ಥಿರವಾದ ಮೇಲೆ ಬಾಟಲಿ ಹಿಡಿಯಬೇಕು. 150 ಮಿ.ಮೀ. ವ್ಯಾಸದ ಕೊಳವೆಯಲ್ಲಿ 20 ಮೀಟರ್ ನೀರಿದ್ದರೆ ಅದು ಸುಮಾರು 353 ಲೀಟರ್. ಮೂರು ಪಟ್ಟು ಎಂದರೆ 1,060 ಲೀಟರ್. ಪಂಪ್ ಚಾಲೂ ಮಾಡಿದ ಕೂಡಲೇ ಹಿಡಿದ ಮಾದರಿಯಲ್ಲಿ ಕೊಳವೆಯ ತುಕ್ಕೇ ಹೆಚ್ಚು ಇರುತ್ತದೆ.

ಲ್ಯಾಬನ್ನೇ ಪರೀಕ್ಷಿಸುವುದನ್ನು ಮರೆಯಬೇಡಿ. ಹತ್ತು ಮಾದರಿಗೆ ಒಂದನ್ನು ಎರಡು ಬಾಟಲಿಗೆ ತುಂಬಿ ಬೇರೆ ಬೇರೆ ಹೆಸರಿನಲ್ಲಿ ಕಳಿಸಿ. ಎರಡರ ಫಲಿತಾಂಶ 20 ಶೇಕಡಕ್ಕಿಂತ ಹೆಚ್ಚು ಬೇರೆಯಾದರೆ ಆ ಕಂತನ್ನು ಮತ್ತೆ ಮಾಡಿಸಬೇಕು. ಶುದ್ಧ ನೀರಿನ ಒಂದು ಬಾಟಲಿಯೂ ಜೊತೆಗೆ ಹೋಗಲಿ. ಅದರಲ್ಲಿ ಲೋಹ ಕಂಡರೆ ತಪ್ಪು ಬಾಟಲಿಯದ್ದು ಅಥವಾ ಲ್ಯಾಬಿನದ್ದು. ಮಾದರಿ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬ ಪಟ್ಟಿಗೆ ಎರಡೂ ಕಡೆಯವರ ಸಹಿ ಇರಬೇಕು. ಮುಖ್ಯವಾಗಿ, ಲ್ಯಾಬ್ ತನ್ನ ಫಲಿತಾಂಶವನ್ನು ಕಂಪನಿಗೂ ಊರಿನ ಸಮಿತಿಗೂ ಒಂದೇ ಕ್ಷಣದಲ್ಲಿ ಕಳಿಸಬೇಕು. ಕಂಪನಿಗೆ ಮೊದಲು ಬಂದು, ಅಲ್ಲಿ ಮೂರು ವಾರ ಕೂತು, ಆಮೇಲೆ ಹೊರಬಂದ ವರದಿ ಎಷ್ಟೇ ನಿಜವಾಗಿರಲಿ, ತಿದ್ದಿದ್ದು ಎಂದೇ ಜನ ತಿಳಿಯುತ್ತಾರೆ. ಹಾಗೆ ತಿಳಿಯುವುದು ತಪ್ಪೂ ಅಲ್ಲ.

ಗಂಧಕ ಇರುವ ಅದಿರಾದರೆ ಪಿಎಚ್ ಒಂದನ್ನೇ ನೋಡುತ್ತ ಕೂರುವುದು ಅಪಾಯ. ಪೈರೈಟ್‌ಗೆ (ಕಬ್ಬಿಣ ಮತ್ತು ಗಂಧಕದ ಖನಿಜ) ಗಾಳಿ ಮತ್ತು ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಕಲ್ಲಿನಲ್ಲಿ ಸುಣ್ಣದ ಅಂಶ ಇರುವಷ್ಟು ದಿನ ಅದು ಆಮ್ಲವನ್ನು ತಣಿಸುತ್ತದೆ, ಪಿಎಚ್ 7ರ ಆಸುಪಾಸಿನಲ್ಲೇ ಇರುತ್ತದೆ. ಆ ಹೊತ್ತಿಗೆ ಆಮ್ಲದಿಂದ ಉಳಿದ ಸಲ್ಫೇಟ್ ಮಾತ್ರ ಸದ್ದಿಲ್ಲದೆ ಏರುತ್ತಿರುತ್ತದೆ. ಸುಣ್ಣ ಮುಗಿದ ದಿನ ಪಿಎಚ್ ಕುಸಿಯುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಎಚ್ಚರಿಕೆಯ ಗೆರೆಯನ್ನು ಸಲ್ಫೇಟ್ ಮತ್ತು ವಾಹಕತೆಯ ಮೇಲೆ ಹಾಕಿ: ಗಣಿ ಶುರುವಾಗುವ ಮುಂಚಿನ ಅತಿ ಹೆಚ್ಚಿನ ಅಂಕಿಯನ್ನು ಸತತ ಎರಡು ಮಾದರಿ ದಾಟಿದರೆ ಏನೇನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡಿ. ಸ್ಫೋಟಕದ ಅಮೋನಿಯಂ ನೈಟ್ರೇಟ್ ಪೂರ್ತಿ ಉರಿಯದೆ ಉಳಿದು ನೀರಿಗೆ ಸೇರುವುದರಿಂದ ನೈಟ್ರೇಟ್ ಕೂಡ ಪಟ್ಟಿಯಲ್ಲಿರಲಿ.

ಮೊದಲ ಅಳತೆ ಕನಿಷ್ಠ ಒಂದು ಪೂರ್ತಿ ಮಳೆ-ಬೇಸಿಗೆಯ ಚಕ್ರದ್ದಾಗಿರಬೇಕು, ಎರಡಾದರೆ ಒಳ್ಳೆಯದು. ನೀರಿನ ಮಟ್ಟ ಅಳೆಯಲು ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಟೇಪು ಬಿಡಿ. ಗುರುತಿಲ್ಲದ ಕಡೆ ಒಬ್ಬರು ಕಟ್ಟೆಯ ಮೇಲಿಂದ, ಇನ್ನೊಬ್ಬರು ನೆಲದಿಂದ ಅಳೆದರೆ ಮುಕ್ಕಾಲು ಮೀಟರ್ ವ್ಯತ್ಯಾಸ ಬರುತ್ತದೆ. ಆ ಮುಕ್ಕಾಲು ಮೀಟರಿಗೇ ವರ್ಷಗಟ್ಟಲೆ ಜಗಳ ನಡೆಯುತ್ತದೆ.

ಕಲ್ಲುಕುಳಿ

ಸಿಡಿತದ ವಿಷಯಕ್ಕೆ. ‘ಮಿತಿಯೊಳಗಿದೆ’ ಎಂಬ ಉತ್ತರ ಏಕೆ ಕೆಲಸ ಮಾಡುವುದಿಲ್ಲ ಎಂದರೆ, ಮಿತಿ ಗೋಡೆಗೆ ಹಾಕಿದ್ದು, ಅದುರಿದ್ದು ಮನುಷ್ಯರಿಗೆ. ಅಮೆರಿಕದ ಗಣಿ ಬ್ಯೂರೊದ ಹಳೆಯ ಮಾನದಂಡದಲ್ಲಿ, ಕಡಿಮೆ ಆವರ್ತನದ ಕಂಪನಕ್ಕೆ ಗಾರೆಗೋಡೆಯ ಮಿತಿ (ನೆಲ ಅಲುಗುವ ವೇಗ) ಸೆಕೆಂಡಿಗೆ 12.7 ಮಿ.ಮೀ. ಜರ್ಮನಿಯ ಡಿಐಎನ್ 4150 ಮಾನದಂಡದಲ್ಲಿ 10 ಹರ್ಟ್ಸ್‌ಗಿಂತ ಕೆಳಗೆ ವಾಸದ ಮನೆಗೆ 5 ಮಿ.ಮೀ., ನಾಜೂಕಾದ ಹಳೆಯ ಕಟ್ಟಡಕ್ಕೆ 3 ಮಿ.ಮೀ. ಆದರೆ ಮನೆಯೊಳಗೆ ಕೂತವರಿಗೆ 1 ಮಿ.ಮೀ.ಗಿಂತ ಕಡಿಮೆಯೂ ಚೆನ್ನಾಗಿ ತಿಳಿಯುತ್ತದೆ. ಅವರಿಗೆ ‘ಏನೂ ಆಗಿಲ್ಲ’ ಎಂದರೆ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದಂತೆ. ಆಸ್ಟ್ರೇಲಿಯಾದ 1990ರ ಮಾರ್ಗಸೂಚಿ ಜನರ ನೆಮ್ಮದಿಯನ್ನೇ ಅಳತೆಗೆ ಇಟ್ಟುಕೊಂಡಿತು: 95 ಶೇಕಡ ಸಿಡಿತಗಳು 5 ಮಿ.ಮೀ. ಮತ್ತು 115 ಡೆಸಿಬೆಲ್‌ನ ಒಳಗೆ, ಯಾವುದೂ 10 ಮಿ.ಮೀ. ಮತ್ತು 120 ಡೆಸಿಬೆಲ್ ದಾಟಬಾರದು. ಜನವಸತಿಯ ಹತ್ತಿರ ಇದನ್ನೇ ಒಪ್ಪಿಕೊಳ್ಳುವುದು ವಿವೇಕ.

‘ಎರಡೆರಡು ಸಲ ಅದುರಿತು’ ಎಂದು ಜನ ಹೇಳುತ್ತಾರೆ, ಒಂದೇ ಸಲ ಸಿಡಿಸಿದ್ದು ಎಂದು ಗಣಿಯವರು ನಗುತ್ತಾರೆ. ಜನ ಹೇಳುವುದೇ ಸರಿ. ನೆಲದ ಅಲೆ ಒಂದು ಕಿಲೋಮೀಟರನ್ನು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ದಾಟುತ್ತದೆ. ಗಾಳಿಯ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಬಂದು, ಸಿಡಿದ ಮೂರು ಸೆಕೆಂಡಿಗೆ ಕಿಟಕಿ ಗಡಗಡಿಸುತ್ತದೆ. ಎರಡನೆಯದನ್ನು ತಗ್ಗಿಸುವ ದಾರಿ ಬೇರೆ. ಮದ್ದು ತುಂಬಿದ ಕುಳಿಯ ಬಾಯಿಗೆ ಕೊರೆದ ಪುಡಿ ತುಂಬದೆ ಮೂಲೆಯುಳ್ಳ ಜಲ್ಲಿ ತುಂಬಬೇಕು, ಕುಳಿಯ ವ್ಯಾಸದ 20ರಿಂದ 30 ಪಟ್ಟು ಉದ್ದಕ್ಕೆ. ಪುಡಿಯಾದರೆ ಪಿಚಕಾರಿಯಂತೆ ಹಾರಿಹೋಗುತ್ತದೆ. ಬೆಳಗಿನ ಜಾವ ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು ಇರುವಾಗ ಸದ್ದು ಮೇಲೆ ಹೋಗದೆ ಬಾಗಿ ಊರಿನ ಮೇಲೆ ಬೀಳುತ್ತದೆ. ನೆಲ ಕಾದ ಮೇಲೆ, ದಿನವೂ ಒಂದೇ ಹೊತ್ತಿಗೆ ಸಿಡಿಸಿ.

ನೆಲದ ಕಂಪನ ನಿಂತಿರುವುದು ಒಟ್ಟು ಮದ್ದಿನ ಮೇಲಲ್ಲ, ಒಂದೇ ಡಿಲೇಯಲ್ಲಿ, ಅಂದರೆ ಒಂದೇ ಕ್ಷಣಕ್ಕೆ ಸಿಡಿಯುವ ಮದ್ದಿನ ಮೇಲೆ. ದೂರವನ್ನು ಆ ತೂಕದ ವರ್ಗಮೂಲದಿಂದ ಭಾಗಿಸಿ. 400 ಮೀಟರ್ ದೂರ, ಡಿಲೇಗೆ 100 ಕೆ.ಜಿ. ಆದರೆ 40. ಸಾಮಾನ್ಯ ಕಲ್ಲಿಗೆ ಬಳಸುವ ಸೂತ್ರದಲ್ಲಿ, ಅಂದರೆ 1140ನ್ನು ಈ ಸಂಖ್ಯೆಯ 1.6ನೇ ಘಾತದಿಂದ ಭಾಗಿಸಿದರೆ, ಸುಮಾರು 3.1 ಮಿ.ಮೀ. ಬರುತ್ತದೆ. ಅದೇ 200 ಕೆ.ಜಿ. ಆದರೆ 5.4. ಕುಳಿಯೊಂದರಲ್ಲಿ ಮದ್ದನ್ನು ಎರಡು ಹಂತವಾಗಿ ಬೇರೆ ಡಿಲೇಗೆ ಕೊಟ್ಟರೆ ಸಾಕು, ಕಂಪನ ಗಣನೀಯವಾಗಿ ಇಳಿಯುತ್ತದೆ. ಈ ಲೆಕ್ಕವನ್ನು ಊರಿನವರಿಗೇ ಹಾಕಿ ತೋರಿಸಿ. ಹತ್ತನೇ ತರಗತಿ ಓದಿದವರಿಗೆ ಇದು ಕಷ್ಟವಲ್ಲ. ಸ್ಥಳದ ಅಳತೆಗಳು ಕೂಡಿದಂತೆ ಸೂತ್ರದ ಅಂಕಿಗಳನ್ನು ಆ ಕಲ್ಲಿಗೆ ತಕ್ಕಂತೆ ತಿದ್ದುತ್ತ ಹೋಗಬೇಕು.

ಕಂಪನಮಾಪಕದ ಜಿಯೋಫೋನನ್ನು (ನೆಲದ ಅಲುಗಾಟ ಹಿಡಿಯುವ ಭಾಗ) ಸಿಡಿತದ ಕಡೆಯ ಗೋಡೆಯ ಬುಡದಲ್ಲಿ, ಗಟ್ಟಿ ಮಣ್ಣಿನಲ್ಲಿ ಹೂತು ಅಥವಾ ಮೊಳೆ ಊರಿ ಕೂರಿಸಬೇಕು, ಬಾಣದ ಗುರುತು ಗಣಿಯ ಕಡೆಗೆ. ಸಡಿಲ ಮಣ್ಣಿನ ಮೇಲೆ ಸುಮ್ಮನೆ ಇಟ್ಟರೆ ಅಂಕಿ ನಂಬಲು ಬಾರದು. ಪರದೆಯ ಅಂಕಿಯನ್ನು ಮನೆಯವರಿಗೆ ಆಗಲೇ ತೋರಿಸಿ, ಚೀಟಿ ಕೊಡಿ.

ಬಿರುಕಿನ ಜಗಳಕ್ಕೆ ಪರಿಹಾರ ಮೊದಲ ಸಿಡಿತಕ್ಕಿಂತ ಮುಂಚೆಯೇ ಇದೆ. ಕೋಣೆ ಕೋಣೆಯ ಗೋಡೆಗಳ ಚಿತ್ರ ತೆಗೆಯಿರಿ, ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಮತ್ತು ದಿನಾಂಕ ಕಾಣಲಿ. ಈಗಾಗಲೇ ಇರುವ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ. ದೊಡ್ಡ ಬಿರುಕಿಗೆ ಮಿ.ಮೀ. ಗೆರೆಗಳಿರುವ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ. ಬಿರುಕು ಬಿಸಿಲಿಗೆ, ತೇವಕ್ಕೆ ತಾನೇ ತೆರೆದು ಮುಚ್ಚುತ್ತದೆ, ಆದ್ದರಿಂದ ಸಿಡಿತ ಶುರುವಾಗುವ ಮೊದಲೇ ಕೆಲವು ವಾರ ಒಂದೇ ಹೊತ್ತಿನಲ್ಲಿ ಓದಿ ಬರೆದಿಡಬೇಕು. ಸಹಿಯಾದ ಒಂದು ಪ್ರತಿ ಮನೆಯವರ ಪೆಟ್ಟಿಗೆಯಲ್ಲೇ ಇರಬೇಕು. ಬರೀ ಕಂಪನಿಯ ಕಪಾಟಿನಲ್ಲಿರುವ ಸಮೀಕ್ಷೆ ಜಗಳದ ದಿನ ಯಾರ ಉಪಯೋಗಕ್ಕೂ ಬರುವುದಿಲ್ಲ.

ದೂಳಿನ ಬಗ್ಗೆ ಇಷ್ಟೇ: ಮಾಪಕವನ್ನು ಗಾಳಿ ಬರುವ ಕಡೆ ಒಂದು, ಗಾಳಿ ಹೋಗುವ ಕಡೆ ಒಂದು ಇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪಿಎಂ10ಕ್ಕೆ (10 ಮೈಕ್ರಾನ್‌ವರೆಗಿನ ದೂಳಿನ ಕಣ) ದಿನದ ಸರಾಸರಿ ಘನ ಮೀಟರಿಗೆ 45 ಮೈಕ್ರೊಗ್ರಾಂ, ಪಿಎಂ2.5ಕ್ಕೆ (2.5 ಮೈಕ್ರಾನ್‌ವರೆಗಿನದು) 15. ಎರಡು ಮಾಪಕಗಳ ವ್ಯತ್ಯಾಸವೇ ಗಣಿಯ ಪಾಲು.

ಅದಿರುಗಲ್ಲು

ಮೂವರಿಗೂ ಧನ್ಯವಾದ, ಇಂಥದ್ದೇ ಬೇಕಿತ್ತು. ಆದರೆ ಒಂದು ತೊಡಕು. ಈ ಅಳತೆ, ಲ್ಯಾಬ್, ತಜ್ಞರು, ಎಲ್ಲಕ್ಕೂ ಹಣ ಬೇಕು. ಊರಿನವರ ಬಳಿ ಅಷ್ಟು ಇರುವುದಿಲ್ಲ. ಕಂಪನಿ ಕೊಟ್ಟರೆ ‘ಅವರ ಅನ್ನ ಉಂಡವರು’ ಎಂಬ ಮಾತು ಬರುತ್ತದೆ. ಇದನ್ನು ಬಿಡಿಸುವುದು ಹೇಗೆ?

ಷರತ್ತುಪತ್ರ

ಹಣ ಕಂಪನಿಯದ್ದೇ ಆಗಲಿ. ನೇಮಿಸುವ, ತೆಗೆಯುವ ಅಧಿಕಾರ ಮಾತ್ರ ಕಂಪನಿಯ ಕೈಯಲ್ಲಿರಬಾರದು. ನಡೆದು ತೋರಿಸಿದ ಎರಡು ಮಾದರಿಗಳಿವೆ.

ಕೆನಡಾದ ಎಕಾಟಿ ವಜ್ರದ ಗಣಿಗೆ 1997ರಲ್ಲಿ ಒಂದು ಸ್ವತಂತ್ರ ಪರಿಸರ ಕಾವಲು ಸಂಸ್ಥೆ ಕಟ್ಟಿದರು. ಅದರ ನಿರ್ದೇಶಕರಲ್ಲಿ ಮೂಲನಿವಾಸಿ ಸಮುದಾಯಗಳು ಕಳಿಸಿದವರಿದ್ದಾರೆ, ಸರ್ಕಾರ ಮತ್ತು ಕಂಪನಿಗೂ ನೇಮಕದಲ್ಲಿ ಪಾತ್ರವಿದೆ. ಇನ್ನೊಂದು ಅಮೆರಿಕದ ಮೊಂಟಾನಾದ ಸ್ಟಿಲ್‌ವಾಟರ್ ಗಣಿಯ ‘ಒಳ್ಳೆಯ ನೆರೆಹೊರೆ ಒಪ್ಪಂದ’. 2000ದಲ್ಲಿ ಗಣಿಗೂ ಅಲ್ಲಿನ ಮೂರು ನಾಗರಿಕ ಸಂಘಟನೆಗಳಿಗೂ ಆದದ್ದು. ಅದು ಹಾರೈಕೆಯ ಪತ್ರವಲ್ಲ, ಕೋರ್ಟಿನಲ್ಲಿ ಜಾರಿ ಮಾಡಿಸಬಹುದಾದ ಕರಾರು. ಸಂಘಟನೆಗಳಿಗೆ ಸ್ವತಂತ್ರ ತಜ್ಞರ ನೆರವು ಕಂಪನಿಯ ಖರ್ಚಿನಲ್ಲಿ ಸಿಗುತ್ತದೆ. ಕಣಿವೆಯ ಕಿರಿದಾದ ರಸ್ತೆಯಲ್ಲಿ ವಾಹನ ಸಂಚಾರ ತಗ್ಗಿಸಲು ಕಾರ್ಮಿಕರನ್ನು ಬಸ್ಸಿನಲ್ಲಿ ಕರೆತರುವಂಥ ಷರತ್ತೂ ಅದರಲ್ಲಿದೆ. ಗಣಿಯ ಮಾಲೀಕತ್ವ ಒಂದಕ್ಕಿಂತ ಹೆಚ್ಚು ಸಲ ಬದಲಾದರೂ ಒಪ್ಪಂದ ಉಳಿಯಿತು. ಗಣಿ ಮಾರಾಟವಾದ ದಿನವೇ ಹಳೆಯ ಮಾತುಗಳು ಸತ್ತುಹೋಗುವುದು ಸಾಮಾನ್ಯ. ‘ಮುಂದಿನ ಮಾಲೀಕರಿಗೂ ಅನ್ವಯ’ ಎಂಬ ಸಾಲನ್ನು ಬಿಟ್ಟು ಸಹಿ ಹಾಕಬೇಡಿ.

ಕರಾರು ಬರೆಯುವಾಗ ನಾನು ಪಟ್ಟು ಹಿಡಿಯುವ ಅಂಶಗಳು: ಕನಿಷ್ಠ ಮೂರು ವರ್ಷದ ಹಣ ಮೊದಲೇ ಮೂರನೆಯವರ ಖಾತೆಗೆ ಬೀಳಬೇಕು. ವರ್ಷ ವರ್ಷ ನವೀಕರಿಸುವ ಹಣವಾದರೆ ಕಟುವಾದ ವರದಿ ಬರೆದ ವರ್ಷವೇ ಅದು ನಿಲ್ಲುತ್ತದೆ. ತಜ್ಞರನ್ನು ಆರಿಸುವುದು ಊರಿನ ಸಮಿತಿ. ತೆಗೆಯಬೇಕಾದರೆ ಎರಡೂ ಕಡೆಯ ಒಪ್ಪಿಗೆ ಬೇಕು. ಕರಡು ವರದಿ ಇಬ್ಬರಿಗೂ ಒಂದೇ ದಿನ ತಲುಪಬೇಕು. ಕಂಪನಿ 14 ದಿನದೊಳಗೆ ಅಂಕಿಅಂಶದ ತಪ್ಪನ್ನು ಬರಹದಲ್ಲಿ ಹೇಳಬಹುದು, ಅಭಿಪ್ರಾಯವನ್ನು ತಿದ್ದುವಂತಿಲ್ಲ. ಗೋಪ್ಯತೆಯ ಷರತ್ತು ಬೇಡವೇ ಬೇಡ. ಮುನ್ಸೂಚನೆ ಇಲ್ಲದೆ ಗಣಿಯೊಳಗೆ ಹೋಗಿ ನೋಡುವ ಹಕ್ಕು ಇರಲಿ, ಸುರಕ್ಷತೆಯ ಟೋಪಿ, ಬೂಟು ಗೇಟಿನಲ್ಲೇ ಸಿಗಲಿ. ಸಮಿತಿಯಲ್ಲಿ ಗಣಿಯ ಗುತ್ತಿಗೆದಾರರು ಕೂರಬಾರದು. ಇದೊಂದನ್ನು ಸಡಿಲಿಸಿದ ಕಡೆ ಸಮಿತಿ ವರ್ಷದೊಳಗೆ ಬರೀ ಹೆಸರಿಗಾಗುತ್ತದೆ.

ದೂರುಗಳ ವಿಷಯ ಬೇರೆಯೇ ಇದೆ. ವಿಶ್ವಸಂಸ್ಥೆಯ 2011ರ ವ್ಯಾಪಾರ ಮತ್ತು ಮಾನವ ಹಕ್ಕುಗಳ ತತ್ವಗಳಲ್ಲಿ 31ನೆಯದು ದೂರು ವ್ಯವಸ್ಥೆಗೆ ಎಂಟು ಗುಣಗಳನ್ನು ಹೇಳುತ್ತದೆ. ನೆಲದ ಮೇಲೆ ಅದರ ಅರ್ಥ ಇಷ್ಟು: ಪ್ರತಿ ದೂರಿಗೂ ಸಂಖ್ಯೆಯಿರುವ ಚೀಟಿ, ಬಾಯಲ್ಲಿ ಹೇಳಿದರೂ ಚೀಟಿ. ಎರಡು ದಿನದಲ್ಲಿ ಸ್ವೀಕೃತಿ, ಏಳು ದಿನದಲ್ಲಿ ಸ್ಥಳಕ್ಕೆ ಭೇಟಿ, 30 ದಿನದಲ್ಲಿ ಕಾರಣ ಸಮೇತ ಲಿಖಿತ ಉತ್ತರ. ಒಪ್ಪಿಗೆಯಾಗದಿದ್ದರೆ ಮೂರನೆಯವರ ಮುಂದೆ ಹೋಗುವ ದಾರಿ. ಪರಿಹಾರ ಪಡೆದರೆ ಕೋರ್ಟಿಗೆ ಹೋಗುವ ಹಕ್ಕು ಬಿಟ್ಟುಕೊಡಬೇಕು ಎಂದು ಬರೆಸಿಕೊಳ್ಳುವುದು ಮಹಾಪಾಪ, ಅದನ್ನು ಕಂಡಲ್ಲಿ ಎದುರಿಸಿ. ಇನ್ನೊಂದು ಮಾತು ವ್ಯವಸ್ಥಾಪಕರಿಗೆ: ದೂರಿನ ಸಂಖ್ಯೆ ಮೊದಲ ವರ್ಷ ಏರಿದರೆ ಅದು ಒಳ್ಳೆಯ ಸುದ್ದಿ, ಜನ ಹೇಳಿಕೊಳ್ಳಲು ಶುರು ಮಾಡಿದ್ದಾರೆ. ಸೊನ್ನೆ ದೂರು ಎಂದರೆ ಎದೆ ತಟ್ಟಿಕೊಳ್ಳುವ ಬದಲು ಗಾಬರಿಪಡಿ.

ಶಾಲೆಗೆ ಬಣ್ಣ ಹೊಡೆಸುವುದು ತಪ್ಪೇನಲ್ಲ, ಆದರೆ ನೀರಿನ ಪ್ರಶ್ನೆಗೆ ಅದು ಉತ್ತರವಲ್ಲ. ಕೆಲಸದ ಭರವಸೆ ಅದಕ್ಕಿಂತ ಅಪಾಯಕಾರಿ. ಕಟ್ಟಡ ಕಟ್ಟುವ ಎರಡು ಮೂರು ವರ್ಷ ಕೆಲಸಗಾರರು ಬಹಳ ಬೇಕು, ಗಣಿ ನಡೆಯತೊಡಗಿದ ಮೇಲೆ ಬೇಕಾದವರು ಕಡಿಮೆ. ಯಾವ ವರ್ಷ, ಯಾವ ಕೌಶಲ, ಎಷ್ಟು ಜನ ಎಂಬ ಪಟ್ಟಿಯನ್ನು ಮೊದಲ ಸಭೆಯಲ್ಲೇ ಗೋಡೆಗೆ ಅಂಟಿಸಿ.

ಕಟ್ಟೆಕಾವಲು

ಮೇಲಿನದೆಲ್ಲ ಸರಿ. ಆದರೆ ಜನರ ಜೀವ ನಿಂತಿರುವುದು ಟೇಲಿಂಗ್ಸ್ (ಅದಿರಿನಿಂದ ಲೋಹ ತೆಗೆದ ಮೇಲೆ ಉಳಿಯುವ ಕೆಸರು) ತಡೆಯುವ ಕಟ್ಟೆಯ ಮೇಲೆ, ಅದನ್ನು ಯಾರೂ ಇನ್ನೂ ಎತ್ತಿಲ್ಲ.

2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಒಡೆದದ್ದು 86 ಮೀಟರ್ ಎತ್ತರದ, ಕೆಸರು ತುಂಬುವುದನ್ನು ನಿಲ್ಲಿಸಿದ್ದ ಕಟ್ಟೆ. ಸತ್ತವರು 270 ಮಂದಿ. ಕಟ್ಟೆ ಸ್ಥಿರವಾಗಿದೆ ಎಂಬ ಪ್ರಮಾಣಪತ್ರ ಕೆಲವೇ ತಿಂಗಳ ಹಿಂದೆ ಸಿಕ್ಕಿತ್ತು. ಗಣಿಯದೇ ಕಚೇರಿ ಮತ್ತು ಊಟದ ಕೋಣೆ ಕಟ್ಟೆಯ ಕೆಳಗಡೆಯೇ ಇದ್ದವು, ಹೊತ್ತು ಮಧ್ಯಾಹ್ನದ ಊಟದ್ದು. ಸೈರನ್ ಕೂಗಲಿಲ್ಲ. ‘ಪ್ರಮಾಣಪತ್ರ ಇದೆ’ ಎಂಬ ಮಾತನ್ನು ಅಂದಿನಿಂದ ಯಾರೂ ಉತ್ತರವಾಗಿ ಒಪ್ಪಬೇಕಿಲ್ಲ.

2020ರ ಆಗಸ್ಟ್‌ನಲ್ಲಿ ಬಂದ ಟೇಲಿಂಗ್ಸ್ ನಿರ್ವಹಣೆಯ ಜಾಗತಿಕ ಮಾನದಂಡದಲ್ಲಿ 15 ತತ್ವ, 77 ಷರತ್ತುಗಳಿವೆ. ಹೊಣೆ ಹೊರುವ ಹಿರಿಯ ಅಧಿಕಾರಿ ಯಾರೆಂದು ಹೆಸರಿಸಬೇಕು, ಸ್ವತಂತ್ರ ಪರಿಶೀಲನೆ ಇರಬೇಕು, ಮಾಹಿತಿ ಬಹಿರಂಗವಾಗಬೇಕು. ಊರಿನವರು ಕೇಳಬೇಕಾದದ್ದು ಸರಳ: ಕಟ್ಟೆಯನ್ನು ಎತ್ತರಿಸಿದ್ದು ಹಿಂದಿನ ಕೆಸರಿನ ಮೇಲೆಯೇ, ಅಥವಾ ಹೊರಮೈಯ ಗಟ್ಟಿ ನೆಲದ ಮೇಲೆಯೇ? ಮೊದಲನೆಯ ರೀತಿಯೇ ಬ್ರುಮಾಡಿನ್ಯೊದ್ದು. ಕಟ್ಟೆಯೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್‌ಗಳ ಈ ತಿಂಗಳ ಓದು ಎಷ್ಟು, ಎಚ್ಚರಿಕೆಯ ಗೆರೆ ಎಷ್ಟು? ನೀರಿನ ಕೊಳ ಕಟ್ಟೆಯ ಅಂಚಿನಿಂದ ಎಷ್ಟು ಮೀಟರ್ ದೂರ ಇದೆ? ಒಡೆದರೆ ಕೆಸರು ಎಲ್ಲಿಗೆ, ಎಷ್ಟು ನಿಮಿಷದಲ್ಲಿ ಬರುತ್ತದೆ?

ಕೊನೆಯ ಪ್ರಶ್ನೆಯ ನಕ್ಷೆಯನ್ನು ‘ಜನ ಹೆದರುತ್ತಾರೆ’ ಎಂದು ಬಚ್ಚಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಕೆಸರು 12 ನಿಮಿಷಕ್ಕೆ ಬರುವ ಜಾಗ, ಪತ್ತೆಯಾಗಿ ಸೈರನ್ ಕೂಗಲು 3 ನಿಮಿಷ. ಉಳಿದದ್ದು 9 ನಿಮಿಷ. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರ್ ನಡೆದರೂ 540 ಮೀಟರ್ ಮಾತ್ರ. ಏರುದಾರಿಯಲ್ಲಿ ಇನ್ನೂ ಕಡಿಮೆ. ಅಷ್ಟರೊಳಗೆ ಎತ್ತರದ ಜಾಗ ಇಲ್ಲದಿದ್ದರೆ ಆ ಮನೆಗಳು ಅಲ್ಲಿರಬಾರದು, ಅಥವಾ ಆ ಕಟ್ಟೆ ಅಲ್ಲಿರಬಾರದು. ಅಣಕು ಪ್ರದರ್ಶನವನ್ನು ಹಗಲಿನಲ್ಲಿ ಮಾಡಿ ಮುಗಿಸಬೇಡಿ, ಮಳೆಯ ರಾತ್ರಿ ಕರೆಂಟ್ ತೆಗೆದು ಮಾಡಿ.

ಮುಚ್ಚುವ ಖರ್ಚಿನ ಬಗ್ಗೆಯೂ ಮೊದಲ ದಿನವೇ ಕೇಳಿ. ಕೆನಡಾದ ಯೆಲ್ಲೊನೈಫ್ ಪಕ್ಕದ ಜೈಂಟ್ ಚಿನ್ನದ ಗಣಿಯ ಮಾಲೀಕ ಕಂಪನಿ 1999ರಲ್ಲಿ ದಿವಾಳಿಯಾಯಿತು. ನೆಲದಡಿ ಉಳಿದದ್ದು 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ದೂಳು, ಅದರ ಹೊಣೆ ಸರ್ಕಾರದ ತಲೆಗೆ. ಮುಚ್ಚುವ ಖರ್ಚಿಗೆ ಇಡಿಸುವ ಠೇವಣಿ ನಗದು ಅಥವಾ ಬ್ಯಾಂಕ್ ಖಾತರಿಯಾಗಿರಲಿ, ಕಂಪನಿಯ ಸ್ವಂತ ಭರವಸೆ ಬೇಡ. ಮೊತ್ತವನ್ನು ಹೊರಗಿನ ಗುತ್ತಿಗೆದಾರರು ಬಂದು ಮಾಡುವ ದರದಲ್ಲಿ, ನೀರಿನ ಶುದ್ಧೀಕರಣದ ದೀರ್ಘ ವರ್ಷಗಳನ್ನೂ ಸೇರಿಸಿ ಲೆಕ್ಕ ಹಾಕಿಸಿ.

ಕಾಡಂಚು

ನನ್ನದೊಂದು ತಕರಾರು. ಈ ಚರ್ಚೆಯೆಲ್ಲ ‘ಗಣಿ ಆಗಿಯೇ ಆಗುತ್ತದೆ’ ಎಂದುಕೊಂಡು ನಡೆದಿದೆ. ಬೇಡ ಎನ್ನಲು ಬಾರದ ಕಡೆ ಹೌದು ಎಂದದ್ದಕ್ಕೆ ಬೆಲೆ ಏನು?

ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟಿನ 2013ರ ತೀರ್ಪಿನ ಬಳಿಕ 12 ಗ್ರಾಮಸಭೆಗಳನ್ನು ಕೇಳಿದರು, ಹನ್ನೆರಡೂ ಬೇಡ ಎಂದವು. ಪೆರುವಿನ ತಂಬೊಗ್ರಾಂದೆಯಲ್ಲಿ 2002ರಲ್ಲಿ, ಅರ್ಜೆಂಟೀನಾದ ಎಸ್ಕೆಲ್‌ನಲ್ಲಿ 2003ರಲ್ಲಿ ಜನ ಮತ ಹಾಕಿ ಗಣಿಯನ್ನು ತಿರಸ್ಕರಿಸಿದರು. ಇವನ್ನು ‘ಸಂವಹನದ ಸೋಲು’ ಎಂದು ಬರೆಯುತ್ತಾರೆ. ಅಲ್ಲ. ಜನರಿಗೆ ಚೆನ್ನಾಗಿಯೇ ಅರ್ಥವಾಗಿತ್ತು, ಅವರ ಉತ್ತರ ಬೇರೆ ಇತ್ತು. ಮೂಲನಿವಾಸಿಗಳ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2007ರ ಘೋಷಣೆ ಹೇಳುವ ಒಪ್ಪಿಗೆಗೆ ಮೂರು ಗುಣಗಳಿವೆ: ಒತ್ತಡವಿಲ್ಲದೆ, ಮುಂಚಿತವಾಗಿ, ತಿಳಿದು ಕೊಟ್ಟದ್ದು. ‘ಮುಂಚಿತವಾಗಿ’ ಎನ್ನುವುದು ಗಣಿ ತೋಡುವ ಮೊದಲು ಎಂದಲ್ಲ, ಮೊದಲ ಡ್ರಿಲ್ ಯಂತ್ರ ಬರುವ ಮೊದಲು.

ನಂಬಿಕೆ ಮುರಿಯುವುದು ಆ ಹಂತದಲ್ಲೇ. ಅದಿರು ಹುಡುಕುವ ತಂಡಕ್ಕೆ ಇದು ಎರಡು ತಿಂಗಳ ಕೆಲಸ. ಬೇಲಿ ಕಿತ್ತು ದಾರಿ ಮಾಡುತ್ತಾರೆ, ಕೊರೆಯುವ ಕೆಸರಿನ ಗುಂಡಿಯನ್ನು ಹಾಗೇ ಬಿಟ್ಟು ಹೋಗುತ್ತಾರೆ, ಕೊರೆದ ಕುಳಿಯನ್ನು ಸಿಮೆಂಟಿನಿಂದ ಮುಚ್ಚದೆ ಎರಡು ಜಲಪದರಗಳನ್ನು ಕೂಡಿಸಿಬಿಡುತ್ತಾರೆ. ಐದು ವರ್ಷದ ಮೇಲೆ ದೊಡ್ಡ ಕಂಪನಿ ಬಂದಾಗ ಜನರ ಕಣ್ಣಿಗೆ ಕಾಣುವುದು ಆ ಗುಂಡಿ. ಆದ್ದರಿಂದ ಪ್ರತಿ ಹಂತಕ್ಕೂ, ಅಂದರೆ ಹುಡುಕಾಟ, ನಿರ್ಮಾಣ, ವಿಸ್ತರಣೆ, ಮುಚ್ಚುವಿಕೆ, ಬೇರೆ ಬೇರೆ ಒಪ್ಪಿಗೆ ಕೇಳಬೇಕು. ಮೊದಲ ಹಂತದ ಹೌದು ಕೊನೆಯವರೆಗಿನ ಹೌದು ಅಲ್ಲ.

ಅದಿರುಗಲ್ಲು

ಕಾಡಂಚು ಅವರ ತಕರಾರು ನ್ಯಾಯವಾದದ್ದೇ. ಕೊನೆಯದಾಗಿ ಒಂದು: ಗಣಿ ಈಗಾಗಲೇ ಹತ್ತು ವರ್ಷದಿಂದ ನಡೆಯುತ್ತಿದೆ, ಮೊದಲಿನ ಅಳತೆಯೇ ಇಲ್ಲ ಎಂದಾದರೆ? ಬಾವಿ ಒಣಗಿದ್ದು ಗಣಿಯಿಂದಲೇ ಎಂದು ಹೇಗೆ ತೋರಿಸುವುದು?

ಭೂಜಲ

ತೋರಿಸುವ ಹೊಣೆಯನ್ನೇ ತಿರುಗಿಸಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲದಡಿಯ ಕಲ್ಲಿದ್ದಲು ಗಣಿಗಳಿಗೆ 1994ರ ತಿದ್ದುಪಡಿಯಿಂದ ಬಂದ ಕ್ರಮ ಹೀಗಿದೆ: ಅಗೆದ ಜಾಗದ ಅಂಚಿನಿಂದ, ಲಂಬಕ್ಕೆ 35 ಡಿಗ್ರಿ ಕೋನದಲ್ಲಿ ಮೇಲಕ್ಕೆ ಗೆರೆ ಎಳೆದರೆ ನೆಲದ ಮೇಲೆ ಒಂದು ವಲಯ ಸಿಗುತ್ತದೆ. ಅದರೊಳಗಿನ ಬಾವಿ ಕೆಟ್ಟರೆ ಅಥವಾ ಬತ್ತಿದರೆ ಕಾರಣ ಗಣಿಯೇ ಎಂದು ಮೊದಲೇ ಭಾವಿಸಲಾಗುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಕೆಲಸ ಕಂಪನಿಯದು. ಅಗೆತಕ್ಕೆ ಮುಂಚೆ ಬಾವಿ ಪರೀಕ್ಷಿಸಲು ಮನೆಯವರೇ ಬಿಡದಿದ್ದರೆ ಮಾತ್ರ ಆ ಅನುಕೂಲ ಅವರಿಗೆ ತಪ್ಪುತ್ತದೆ. ಇಂಥದ್ದೇ ಷರತ್ತನ್ನು ಎಲ್ಲಿಯಾದರೂ ಕರಾರಿನಲ್ಲಿ ಬರೆಯಬಹುದು. ವಲಯವನ್ನು ನಕ್ಷೆಯಲ್ಲಿ ಗುರುತಿಸಿ, ಅದರೊಳಗೆ ದೂರು ಬಂದ 24 ಗಂಟೆಯಲ್ಲಿ ನೀರು ಮನೆಗೆ ತಲುಪಲಿ, ತನಿಖೆ ಆಮೇಲೆ ನಡೆಯಲಿ.

ಇನ್ನು ಕಳೆದುಹೋದ ಅಳತೆಯನ್ನು ಒಂದಿಷ್ಟು ಮರಳಿ ಪಡೆಯಬಹುದು. ಅದೇ ಬಗೆಯ ಕಲ್ಲಿನಲ್ಲಿ, ಗಣಿಗಿಂತ ಮೇಲ್ಭಾಗದಲ್ಲಿ, ಪಂಪಿನ ಸೆಳೆತ ತಲುಪದಷ್ಟು ದೂರದ ಬಾವಿಗಳನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಕೊಳವೆಬಾವಿ ಕೊರೆದವರ ಹಳೆಯ ಪುಸ್ತಕಗಳಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತ್ತು ಎಂಬ ದಾಖಲೆ ಇರುತ್ತದೆ. ಕೆಳಗಿನ ಕೆರೆಯ ಹೂಳನ್ನು ಕೊಳವೆಯಿಂದ ಕತ್ತರಿಸಿ ತೆಗೆದರೆ, ಲೋಹದ ಪ್ರಮಾಣ ಯಾವ ಪದರದಿಂದ ಏರಿತು ಎಂದು ಪದರ ಪದರವಾಗಿ ಕಾಣುತ್ತದೆ. ಗಣಿಯಿಂದ ಹೊರಹಾಕಿದ ನೀರಿನ ದಿನವಹಿ ಲೆಕ್ಕ ಪಂಪ್‌ಮನೆಯಲ್ಲೇ ಇರುತ್ತದೆ. ಅದನ್ನು ಮಳೆಯ ಲೆಕ್ಕದ ಪಕ್ಕ ಒಂದೇ ಹಾಳೆಯಲ್ಲಿ ಬರೆಯಿರಿ. ಮೊದಲು ಕೇಳಬೇಕಾದ ಕಾಗದ ಅದೇ, ಅದನ್ನು ಇವತ್ತೇ ಕೇಳಬಹುದು.